ಆಂಜಿಯೋಗ್ರಾಂ ‘ಡೈ’ ಅಲರ್ಜಿ: ಮುನ್ನೆಚ್ಚರಿಕೆ ಹೇಗಿರಬೇಕು?

ಹೃದಯದ ರಕ್ತನಾಳಗಳಲ್ಲಿ ಎಲ್ಲಿ, ಎಷ್ಟು ತಡೆ ಇದೆ ಎಂಬುದನ್ನು ಖಚಿತವಾಗಿ ತಿಳಿಯಲು ವೈದ್ಯರು ಆಶ್ರಯಿಸುವ ಪರೀಕ್ಷೆ ಆಂಜಿಯೋಗ್ರಾಂ. ಮಣಿಕಟ್ಟಿನ ಅಥವಾ ತೊಡೆಸಂದಿಯ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ಸಣ್ಣ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ಮುಖಾಂತರ ಒಂದು ದ್ರವವನ್ನು ಹರಿಸಿ, ಕ್ಷ-ಕಿರಣದ ನೆರವಿನಿಂದ ಚಿತ್ರ ತೆಗೆಯಲಾಗುತ್ತದೆ. ಆಡುಮಾತಿನಲ್ಲಿ ‘ಡೈ’ ಎಂದೇ ಹೆಸರಾದ ಈ ದ್ರವ ಬಹುಪಾಲು ರೋಗಿಗಳಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಆದರೆ ಕೆಲವರಲ್ಲಿ ತುರಿಕೆ, ಗಂಧೆ, ಉಬ್ಬಸ ಉಂಟುಮಾಡುತ್ತದೆ. ತೀರಾ ಅಪರೂಪವಾಗಿ ರಕ್ತದೊತ್ತಡ ಕುಸಿದು ಪ್ರಾಣಾಪಾಯವೂ ಒದಗಬಹುದು.

ಈ ಅಪಾಯವನ್ನು ಪೂರ್ಣವಾಗಿ ಇಲ್ಲವಾಗಿಸಲು ಸಾಧ್ಯವಿಲ್ಲ; ಬಹಳಷ್ಟು ತಗ್ಗಿಸಲು ಸಾಧ್ಯವಿದೆ. ಅದಕ್ಕೆ ಬೇಕಾದ ಮೊದಲ ಸಾಧನ ಔಷಧವಲ್ಲ, ಮಾಹಿತಿ. ಹಿಂದೆ ಯಾವ ಡೈ ಕೊಡಲಾಗಿತ್ತು, ಆಗ ಏನಾಯಿತು ಎಂಬ ಎರಡು ಸಾಲಿನ ಬರಹ ರೋಗಿಯ ಕೈಯಲ್ಲಿದ್ದರೆ ಮುಂದಿನ ಆಸ್ಪತ್ರೆಯ ಅರ್ಧ ಕೆಲಸ ಮುಗಿದಂತೆ. ಈ ಮಾತು ಬೆಳಗಾವಿ ಜಿಲ್ಲೆಯ ಗಡಿಭಾಗಕ್ಕೆ ಹೆಚ್ಚು ಅನ್ವಯಿಸುತ್ತದೆ.

ಕೃಷ್ಣಾ ನದಿ ತೀರದ, ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಉಗಾರ ಖುರ್ದ ಮೊದಲು ಅಥಣಿ ತಾಲ್ಲೂಕಿನಲ್ಲಿದ್ದು, ಈಗ ಕಾಗವಾಡ ತಾಲ್ಲೂಕಿಗೆ ಸೇರಿದೆ. ಮೀರಜ್-ಬೆಳಗಾವಿ ರೈಲು ಮಾರ್ಗದ ನಿಲ್ದಾಣವೂ ಹೌದು. ಇಲ್ಲಿಯ ರೋಗಿಗೆ ಎದೆನೋವು ಬಂದರೆ ಎರಡು ದಿಕ್ಕುಗಳಿವೆ. ಒಂದು, ರಾಜ್ಯದ ಗಡಿ ದಾಟಿ ಮಹಾರಾಷ್ಟ್ರದ ಮೀರಜ್ ಅಥವಾ ಸಾಂಗ್ಲಿ. 1894ರಲ್ಲಿ ವಿಲಿಯಂ ವಾನ್ಲೆಸ್ ಆರಂಭಿಸಿದ ಮಿಷನ್ ಆಸ್ಪತ್ರೆಯ ಕಾಲದಿಂದ ಮೀರಜ್ ಈ ಸೀಮೆಯ ವೈದ್ಯಕೀಯ ಪಟ್ಟಣ. ಇನ್ನೊಂದು ದಿಕ್ಕು, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿರುವ ಬೆಳಗಾವಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಸ್ಥಿತಿಯೂ ಹೆಚ್ಚು ಬೇರೆಯಲ್ಲ. ಒಮ್ಮೆ ಮೀರಜ್‌ನಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡವರು ಕೆಲ ವರ್ಷಗಳ ನಂತರ ಬೆಳಗಾವಿಯಲ್ಲಿ ಆಂಜಿಯೋಗ್ರಾಂ ಮೇಜಿನ ಮೇಲೆ ಮಲಗಬಹುದು. ರೋಗಿ ಗಡಿ ದಾಟುತ್ತಾನೆ; ಆತನ ಆಸ್ಪತ್ರೆಯ ಕಡತ ದಾಟುವುದಿಲ್ಲ.

‘ಡೈ’ ಎಂದರೇನು?

ಹೆಸರಿನಲ್ಲಿ ‘ಡೈ’, ಅಂದರೆ ಬಣ್ಣ ಎಂದಿದ್ದರೂ ಇದು ನೀರಿನಂತೆ ತಿಳಿಯಾದ ದ್ರವ. ಇದರ ಅಣುಗಳಲ್ಲಿ ಅಯೋಡಿನ್ ಇರುತ್ತದೆ. ಅಯೋಡಿನ್ ಕ್ಷ-ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ದ್ರವ ಹರಿಯುವ ರಕ್ತನಾಳ ಪರದೆಯ ಮೇಲೆ ಸ್ಪಷ್ಟವಾಗಿ ಎದ್ದು ಕಾಣುತ್ತದೆ. ತಡೆ ಇರುವ ಕಡೆ ಆ ಗೆರೆ ಸಣ್ಣದಾಗುತ್ತದೆ ಅಥವಾ ನಿಂತುಹೋಗುತ್ತದೆ.

ಹೃದಯಕ್ಕೆ ಕೊಳವೆ ತೂರಿಸುವ ವಿದ್ಯೆಗೆ ನಾಂದಿ ಹಾಡಿದವರು ಜರ್ಮನಿಯ ವರ್ನರ್ ಫೋರ್ಸ್‌ಮನ್. 1929ರಲ್ಲಿ ಅವರು ತಮ್ಮ ತೋಳಿನ ರಕ್ತನಾಳದ ಮೂಲಕವೇ ಹೃದಯಕ್ಕೆ ಕೊಳವೆ ಸೇರಿಸಿಕೊಂಡು ಕ್ಷ-ಕಿರಣ ಚಿತ್ರ ತೆಗೆಸಿದ್ದರು. ಈ ಕ್ಷೇತ್ರದ ಕೆಲಸಕ್ಕಾಗಿ 1956ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಪ್ರಶಸ್ತಿ ಪಡೆದರು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಹೃದಯದ ರಕ್ತನಾಳಕ್ಕೇ ನೇರವಾಗಿ ಡೈ ಹರಿಸಿ ಚಿತ್ರ ತೆಗೆಯುವ ಕ್ರಮವನ್ನು ಕಂಡುಕೊಂಡರು. 1977ರಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಬಲೂನ್ ಆಂಜಿಯೋಪ್ಲಾಸ್ಟಿ ಮಾಡಿದ ಬಳಿಕ ಇದೇ ಮಾರ್ಗ ಚಿಕಿತ್ಸೆಗೂ ಬಳಕೆಯಾಯಿತು.

ಮೊದಲ ತಲೆಮಾರಿನ ಡೈಗಳು ‘ಅಯಾನಿಕ್’ ವರ್ಗದವು. ರಕ್ತಕ್ಕಿಂತ ಹಲವು ಪಟ್ಟು ಹೆಚ್ಚು ಸಾಂದ್ರವಾಗಿದ್ದವು. ಸ್ವೀಡನ್ನಿನ ವಿಕಿರಣ ತಜ್ಞ ಟೋರ್ಸ್ಟೆನ್ ಆಲ್ಮೆನ್ ಅವರ ಚಿಂತನೆಯಿಂದ ‘ನಾನ್ ಅಯಾನಿಕ್’ ಡೈಗಳು ರೂಪುಗೊಂಡವು. ಇಂದು ಆಂಜಿಯೋಗ್ರಾಂಗೆ ಬಳಸುವ ಅಯೋಹೆಕ್ಸಾಲ್, ಅಯೋಪಮಿಡಾಲ್, ಅಯೋವರ್ಸಾಲ್, ಅಯೋಡಿಕ್ಸನಾಲ್ ಮುಂತಾದವು ಇದೇ ಗುಂಪಿಗೆ ಸೇರಿವೆ.

ಅಪಾಯ ಎಷ್ಟು?

ಹಳೆಯ ಮತ್ತು ಹೊಸ ಡೈಗಳ ನಡುವಿನ ಅಂತರವನ್ನು ಸ್ಪಷ್ಟಪಡಿಸಿದ್ದು 1990ರಲ್ಲಿ ಪ್ರಕಟವಾದ ಜಪಾನಿನ ಬೃಹತ್ ಅಧ್ಯಯನ. ರಕ್ತನಾಳಕ್ಕೆ ಡೈ ಪಡೆದ 3,37,647 ಪ್ರಕರಣಗಳನ್ನು ಪರಿಶೀಲಿಸಿದ ಆ ಅಧ್ಯಯನದಲ್ಲಿ ಅಯಾನಿಕ್ ಡೈ ಪಡೆದವರಲ್ಲಿ ಶೇ 12.66 ಮಂದಿಗೆ, ನಾನ್ ಅಯಾನಿಕ್ ಡೈ ಪಡೆದವರಲ್ಲಿ ಶೇ 3.13 ಮಂದಿಗೆ ಒಂದಲ್ಲ ಒಂದು ಅಡ್ಡಪರಿಣಾಮ ಕಂಡುಬಂದಿತ್ತು. ತೀವ್ರ ಸ್ವರೂಪದ ಪ್ರತಿಕ್ರಿಯೆ ಕ್ರಮವಾಗಿ ಶೇ 0.22 ಮತ್ತು ಶೇ 0.04. ಹೊಸ ಡೈನಲ್ಲಿ ತೀವ್ರ ಪ್ರತಿಕ್ರಿಯೆ ಹತ್ತು ಸಾವಿರಕ್ಕೆ ಸುಮಾರು ನಾಲ್ಕು ಎಂದಾಯಿತು. ಡೈ ಆಯ್ಕೆಯಲ್ಲಿಯೇ ಅತಿ ದೊಡ್ಡ ಮುನ್ನೆಚ್ಚರಿಕೆ ಅಡಗಿದೆ ಎಂಬುದು ಇದರಿಂದ ಸಾಬೀತಾಯಿತು.

ಅಲರ್ಜಿ ಯಾವುದು, ಅಲ್ಲದ್ದು ಯಾವುದು?

ಡೈ ಹರಿದಾಗ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಭಾಸವಾಗುವುದು, ಬಾಯಲ್ಲಿ ಲೋಹದ ರುಚಿ, ಕ್ಷಣಕಾಲದ ವಾಕರಿಕೆ ಇವೆಲ್ಲ ಡೈನ ಸಹಜ ಪರಿಣಾಮಗಳು, ಅಲರ್ಜಿ ಅಲ್ಲ. ಸೂಜಿಯ ಭಯಕ್ಕೋ ನೋವಿಗೋ ನಾಡಿ ನಿಧಾನವಾಗಿ, ಬೆವತು, ತಲೆ ತಿರುಗುವುದೂ ಅಲರ್ಜಿ ಅಲ್ಲ. ಇಂಥ ಅನುಭವವನ್ನು ‘ನನಗೆ ಡೈ ಆಗಿಬರುವುದಿಲ್ಲ’ ಎಂದು ಹೇಳಿಕೊಂಡವರು ಮುಂದೆ ಅಗತ್ಯ ಪರೀಕ್ಷೆಯಿಂದ ವಂಚಿತರಾಗುವ ಅಥವಾ ಬೇಡದ ಔಷಧ ಪಡೆಯುವ ಸಂಭವ ಉಂಟು.

ನಿಜವಾದ ಅಲರ್ಜಿ ಸ್ವರೂಪದ ಲಕ್ಷಣಗಳು ಇವು:

• ಸೌಮ್ಯ: ಮಿತವಾದ ತುರಿಕೆ, ಅಲ್ಲಲ್ಲಿ ಪಿತ್ತದ ಗಂಧೆ, ಸೀನು, ಮೂಗು ಸೋರುವಿಕೆ.

• ಮಧ್ಯಮ: ಮೈತುಂಬ ಗಂಧೆ, ಮುಖ ಊದಿಕೊಳ್ಳುವುದು, ಗಂಟಲು ಬಿಗಿದಂತಾಗುವುದು, ಸಣ್ಣ ಉಬ್ಬಸ.

• ತೀವ್ರ: ಉಸಿರುಕಟ್ಟುವುದು, ಧ್ವನಿಪೆಟ್ಟಿಗೆ ಊದಿಕೊಳ್ಳುವುದು, ರಕ್ತದೊತ್ತಡ ಕುಸಿತ, ಪ್ರಜ್ಞೆ ತಪ್ಪುವುದು, ಹೃದಯಸ್ತಂಭನ.

ತೀವ್ರ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಡೈ ಕೊಟ್ಟ 20 ನಿಮಿಷಗಳೊಳಗೆ ತಲೆದೋರುತ್ತವೆ. ಆಂಜಿಯೋಗ್ರಾಂ ರೋಗಿಯ ಮೈ ಹೊದಿಕೆಯಿಂದ ಮುಚ್ಚಿರುವುದರಿಂದ ಎದ್ದ ಗಂಧೆ ವೈದ್ಯರ ಕಣ್ಣಿಗೆ ತಕ್ಷಣ ಬೀಳದಿರಬಹುದು. ಆದರೆ ರೋಗಿ ಎಚ್ಚರವಾಗಿಯೇ ಇರುತ್ತಾನೆ. ತುರಿಕೆ, ಗಂಟಲ ಬಿಗಿತ, ಉಸಿರಾಟದ ತೊಂದರೆ ಅನುಭವಕ್ಕೆ ಬಂದ ಕೂಡಲೇ ಕನ್ನಡವಾಗಲಿ ಮರಾಠಿಯಾಗಲಿ ಬಾಯಿಗೆ ಬಂದ ಭಾಷೆಯಲ್ಲಿ ಹೇಳಬೇಕು. ‘ಸುಮ್ಮನೆ ತಾಳಿಕೊಳ್ಳೋಣ’ ಎಂಬ ಸಂಕೋಚ ಇಲ್ಲಿ ಸಲ್ಲದು.

ಅಲರ್ಜಿ ಎಂದು ಕರೆದರೂ ಹಲವು ಪ್ರಕರಣಗಳಲ್ಲಿ ಇದರ ಕಾರ್ಯವಿಧಾನ ಬೇರೆ. ಪೆನಿಸಿಲಿನ್ ಅಲರ್ಜಿಯಂತೆ ಪ್ರತಿಕಾಯಗಳ ಮಧ್ಯಸ್ಥಿಕೆ ಇಲ್ಲದೆಯೇ ಡೈ ನೇರವಾಗಿ ಮಾಸ್ಟ್ ಕೋಶಗಳನ್ನು ಕೆಣಕಿ ಹಿಸ್ಟಮಿನ್ ಬಿಡುಗಡೆಯಾಗುವಂತೆ ಮಾಡಬಲ್ಲದು. ಆದಕಾರಣ ಜೀವನದಲ್ಲಿ ಮೊದಲ ಬಾರಿಗೆ ಡೈ ಪಡೆದವರಲ್ಲೂ ಪ್ರತಿಕ್ರಿಯೆ ಕಾಣಿಸಿಕೊಳ್ಳಬಹುದು. ಕೆಲವರಲ್ಲಿ ಮಾತ್ರ ನಿಜವಾದ ಪ್ರತಿಕಾಯ ಆಧಾರಿತ ಅಲರ್ಜಿ ಇರುತ್ತದೆ.

ಹೃದ್ರೋಗಿಯಲ್ಲಿ ಮತ್ತೊಂದು ತೊಡಕಿದೆ. ಅಲರ್ಜಿಯ ವೇಳೆ ಬಿಡುಗಡೆಯಾಗುವ ರಾಸಾಯನಿಕಗಳು ಹೃದಯದ ರಕ್ತನಾಳಗಳನ್ನೇ ಸಂಕುಚಿತಗೊಳಿಸಿ ಎದೆನೋವು, ಹೃದಯಾಘಾತ ತರಬಲ್ಲವು. 1991ರಲ್ಲಿ ಗ್ರೀಸಿನ ವೈದ್ಯ ನಿಕೊಲಸ್ ಕೌನಿಸ್ ವಿವರಿಸಿದ ಈ ಸ್ಥಿತಿ ಇಂದು ‘ಕೌನಿಸ್ ಸಿಂಡ್ರೋಮ್’ ಎಂದೇ ಪ್ರಸಿದ್ಧ.

ಯಾರಿಗೆ ಹೆಚ್ಚಿನ ಎಚ್ಚರ ಬೇಕು?

ಹಿಂದೆ ಇದೇ ಬಗೆಯ ಡೈಗೆ ಪ್ರತಿಕ್ರಿಯೆ ತೋರಿದವರೇ ಮೊದಲ ಸಾಲಿನವರು. ಇತರ ಎಲ್ಲ ಕಾರಣಗಳಿಗಿಂತ ಇದು ಬಲವಾದ ಸೂಚನೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ‘ಹಿಂದೆ ಆಂಜಿಯೋಗ್ರಾಂ ಆಗಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎನ್ನುವ ರೋಗಿ ಮೂತ್ರಪಿಂಡದ ಕಲ್ಲಿಗಾಗಿ ಐ.ವಿ.ಪಿ. ತೆಗೆಸಿರಬಹುದು, ಹೊಟ್ಟೆಯದೋ ತಲೆಯದೋ ಸಿ.ಟಿ. ಸ್ಕ್ಯಾನ್‌ಗೆ ಇಂಜೆಕ್ಷನ್ ಪಡೆದಿರಬಹುದು. ಅಲ್ಲಿಯೂ ಬಳಕೆಯಾಗುವುದು ಅಯೋಡಿನ್ ಇರುವ ಡೈಗಳೇ. ಪ್ರಶ್ನೆ ಕೇಳುವವರು ಇವನ್ನೂ ಸೇರಿಸಿ ಕೇಳಬೇಕು. ಉತ್ತರಿಸುವವರು ಇವನ್ನೂ ನೆನಪಿಸಿಕೊಳ್ಳಬೇಕು.

ದಮ್ಮು ಅಥವಾ ಅಸ್ತಮಾ ಇರುವವರಿಗೆ, ಇತರ ಔಷಧ ಅಥವಾ ಆಹಾರಕ್ಕೆ ತೀವ್ರ ಅಲರ್ಜಿ ಅನುಭವಿಸಿದವರಿಗೆ ಅಪಾಯ ಸಾಮಾನ್ಯರಿಗಿಂತ ಕೊಂಚ ಹೆಚ್ಚು. ಆದರೆ ಇಷ್ಟೇ ಕಾರಣಕ್ಕೆ ಪರೀಕ್ಷೆ ನಿರಾಕರಿಸುವುದಾಗಲಿ, ಮುಂಚಿತ ಸ್ಟೀರಾಯ್ಡ್ ಕೊಡುವುದಾಗಲಿ ಸಾಮಾನ್ಯವಾಗಿ ಅಗತ್ಯವಿಲ್ಲ. ಅಸ್ತಮಾ ಹತೋಟಿಯಲ್ಲಿದೆಯೇ ಎಂದು ನೋಡಿಕೊಳ್ಳುವುದು ಮುಖ್ಯ.

ಹೃದ್ರೋಗಿಗಳಲ್ಲಿ ಅನೇಕರು ಮೆಟೊಪ್ರೊಲಾಲ್, ಅಟೆನೊಲಾಲ್ ಮುಂತಾದ ಬೀಟಾ ಬ್ಲಾಕರ್ ಗುಳಿಗೆ ಸೇವಿಸುತ್ತಿರುತ್ತಾರೆ. ತೀವ್ರ ಅಲರ್ಜಿಯಾದಾಗ ಕೊಡುವ ಅಡ್ರಿನಾಲಿನ್ ಇವರಲ್ಲಿ ಪೂರ್ಣ ಪರಿಣಾಮ ಬೀರದಿರಬಹುದು. ಹಾಗೆಂದು ರೋಗಿ ತಾನಾಗಿಯೇ ಈ ಗುಳಿಗೆ ನಿಲ್ಲಿಸಕೂಡದು. ಹಠಾತ್ತನೆ ಬಿಟ್ಟರೆ ಹೃದಯಕ್ಕೇ ಅಪಾಯ. ಸೇವಿಸುತ್ತಿರುವ ವಿಷಯವನ್ನು ಮುಂಚಿತವಾಗಿ ತಿಳಿಸಿದರೆ ಸಾಕು, ಸಿದ್ಧತೆ ವೈದ್ಯರದು.

ಮೀನು, ಟಿಂಕ್ಚರ್, ಅಯೋಡಿನ್: ತಪ್ಪು ತಿಳಿವಳಿಕೆ

‘ಮೀನು, ಸಿಗಡಿ ಆಗದವರಿಗೆ ಡೈ ಕೂಡ ಆಗದು’ ಎಂಬ ನಂಬಿಕೆ ಹಲವು ದಶಕಗಳಿಂದ ಜಗತ್ತಿನಾದ್ಯಂತ, ವೈದ್ಯರ ನಡುವೆಯೂ, ಬೇರೂರಿದೆ. ಸಮುದ್ರದ ಆಹಾರದಲ್ಲಿ ಅಯೋಡಿನ್ ಇದೆ, ಡೈನಲ್ಲೂ ಇದೆ ಎಂಬುದೇ ಇದಕ್ಕೆ ಆಧಾರ. ಆದರೆ ಸಿಗಡಿ, ಏಡಿಗಳ ಅಲರ್ಜಿಗೆ ಮುಖ್ಯ ಕಾರಣ ಅವುಗಳಲ್ಲಿರುವ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್, ಅಯೋಡಿನ್ ಅಲ್ಲ. ಥೈರಾಯ್ಡ್ ಗ್ರಂಥಿಯ ಹಾರ್ಮೋನಿನಲ್ಲಿ ಅಯೋಡಿನ್ ಇದೆ, ದಿನವೂ ಉಣ್ಣುವ ಉಪ್ಪಿನಲ್ಲಿ ಇದೆ. ಅಯೋಡಿನ್ನಿಗೇ ಅಲರ್ಜಿ ಎಂಬುದು ಅರ್ಥವಿಲ್ಲದ ಮಾತು.

ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಚರ್ಮ ಕೆಂಪಾದವರಿಗೂ ಇದೇ ಮಾತು ಅನ್ವಯ. ಅದು ಚರ್ಮದ ಸ್ಥಳೀಯ ತೊಂದರೆ. ಡೈ ಅಲರ್ಜಿಯ ಮುನ್ಸೂಚನೆ ಅಲ್ಲ. ಅಮೆರಿಕದ ಹೃದ್ರೋಗ ಸಂಘಟನೆಗಳು 2011ರಲ್ಲಿ ಹೊರತಂದ ಆಂಜಿಯೋಪ್ಲಾಸ್ಟಿ ಮಾರ್ಗಸೂಚಿಯೂ ಸಮುದ್ರ ಆಹಾರದ ಅಲರ್ಜಿಯೊಂದನ್ನೇ ಕಾರಣವಾಗಿಟ್ಟು ಮುಂಜಾಗ್ರತಾ ಔಷಧ ಕೊಡುವುದರಿಂದ ಪ್ರಯೋಜನವಿಲ್ಲ ಎಂದಿತ್ತು. ಇದಕ್ಕೆ ಪ್ರತಿಯಾಗಿ, ಶಾಕಾಹಾರಿಗಳಾದ ಮಾತ್ರಕ್ಕೆ ತಮಗೆ ಡೈ ಅಲರ್ಜಿ ಬಾರದು ಎಂದು ಭಾವಿಸುವುದೂ ತಪ್ಪು.

ರೋಗಿಯ ಕಡತದಲ್ಲಿ ‘ಅಯೋಡಿನ್ ಅಲರ್ಜಿ’ ಎಂದು ಬರೆಯುವ ರೂಢಿಯನ್ನು ಕೈಬಿಡಬೇಕು ಎಂಬುದು ತಜ್ಞರ ಸ್ಪಷ್ಟ ಸಲಹೆ. ಈ ಎರಡು ಪದಗಳು ಏನನ್ನೂ ತಿಳಿಸುವುದಿಲ್ಲ. ಡೈನ ಹೆಸರನ್ನೇ ಬರೆಯಬೇಕು.

‘ಟೆಸ್ಟ್ ಡೋಸ್’ ನೆರವಾಗುವುದೇ?

ಸ್ವಲ್ಪ ಡೈ ಚುಚ್ಚಿ ನೋಡಿ, ಏನೂ ಆಗದಿದ್ದರೆ ಮುಂದುವರಿಯುವ ರೂಢಿ ಹಿಂದೆ ವ್ಯಾಪಕವಾಗಿತ್ತು. ಇದರಿಂದ ಭರವಸೆ ಸಿಗುವುದಿಲ್ಲ. ಟೆಸ್ಟ್ ಡೋಸ್‌ಗೆ ಏನೂ ಆಗದವರಲ್ಲಿ ನಂತರ ತೀವ್ರ ಪ್ರತಿಕ್ರಿಯೆ ಉಂಟಾದದ್ದಿದೆ. ಟೆಸ್ಟ್ ಡೋಸ್‌ನಿಂದಲೇ ಪ್ರಾಣಾಪಾಯ ಒದಗಿದ್ದೂ ಇದೆ. ಹೀಗಾಗಿ ಮಾರ್ಗಸೂಚಿಗಳು ಇದನ್ನು ಶಿಫಾರಸು ಮಾಡುವುದಿಲ್ಲ.

ಅಲರ್ಜಿ ತಜ್ಞರು ಮಾಡುವ ಚರ್ಮ ಪರೀಕ್ಷೆ ಇದಕ್ಕಿಂತ ಭಿನ್ನ. ಹಿಂದೆ ನಿಜವಾಗಿ ಪ್ರತಿಕ್ರಿಯೆಯಾದವರಲ್ಲಿ, ಆದ ಕೆಲ ತಿಂಗಳೊಳಗೆ, ಹಲವು ಡೈಗಳನ್ನು ಚರ್ಮದ ಮೇಲೆ ಪರೀಕ್ಷಿಸಿ ಯಾವುದು ಸುರಕ್ಷಿತವಾಗಬಹುದು ಎಂದು ಅಂದಾಜಿಸಲು ಇದು ನೆರವಾಗುತ್ತದೆ. ಎಲ್ಲ ರೋಗಿಗಳಿಗೂ ಮುಂಚಿತವಾಗಿ ಮಾಡುವ ಪರೀಕ್ಷೆ ಇದಲ್ಲ.

ತಡೆಯುವ ಮೂರು ಮೆಟ್ಟಿಲು

1. ಪರೀಕ್ಷೆ ಅನಿವಾರ್ಯವೇ?

ಹಿಂದೆ ತೀವ್ರ ಪ್ರತಿಕ್ರಿಯೆಯಾದವರ ವಿಷಯದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಎಕೋ, ಟ್ರೆಡ್‌ಮಿಲ್, ಸ್ಟ್ರೆಸ್ ಎಕೋ, ನ್ಯೂಕ್ಲಿಯರ್ ಸ್ಕ್ಯಾನ್ ಇವಕ್ಕೆ ಅಯೋಡಿನ್ ಡೈ ಬೇಕಿಲ್ಲ. ಆದರೆ ‘ಕೊಳವೆ ಬೇಡ, ಸಿ.ಟಿ. ಆಂಜಿಯೋಗ್ರಾಂ ಮಾಡಿಸೋಣ’ ಎಂದರೆ ಪರಿಹಾರವಾಗದು. ಅದಕ್ಕೂ ಇದೇ ಡೈ ಬೇಕು. ಕಾಲಿನ ರಕ್ತನಾಳಗಳ ಚಿತ್ರಕ್ಕೆ ಕೆಲವೆಡೆ ಬಳಸುವ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೃದಯದ ರಕ್ತನಾಳಗಳಿಗೆ ಬಳಸಲಾಗದು. ಆದ್ದರಿಂದ ಹೃದಯದ ಆಂಜಿಯೋಗ್ರಾಂ ಅಥವಾ ಸ್ಟೆಂಟ್ ಅಗತ್ಯವೆಂದು ನಿರ್ಧಾರವಾದ ಮೇಲೆ ಮುಂದಿನ ಮೆಟ್ಟಿಲುಗಳೇ ಗತಿ.

2. ಡೈ ಬದಲಾಯಿಸುವುದು

ಹಿಂದೆ ತೊಂದರೆ ಕೊಟ್ಟ ಡೈ ಬಿಟ್ಟು ಬೇರೊಂದನ್ನು ಆರಿಸುವುದು ಇಂದು ಅತಿ ಹೆಚ್ಚು ಒತ್ತು ಪಡೆದಿರುವ ಕ್ರಮ. ಪುನಃ ಅದೇ ಡೈ ಕೊಟ್ಟು ಅದರ ಮುಂಚೆ ಸ್ಟೀರಾಯ್ಡ್ ನೀಡುವುದಕ್ಕಿಂತ ಡೈ ಬದಲಾಯಿಸುವುದೇ ಹೆಚ್ಚು ಪರಿಣಾಮಕಾರಿ ಎಂಬ ಅಭಿಪ್ರಾಯ ಬಲಗೊಂಡಿದೆ. ಆಯ್ಕೆಯಲ್ಲಿ ವಿವೇಚನೆ ಬೇಕು. ಅಯೋಡಿಕ್ಸನಾಲ್ ಅಣುವಿನ ರಚನೆ ಎರಡು ಅಯೋಹೆಕ್ಸಾಲ್ ಘಟಕಗಳನ್ನು ಜೋಡಿಸಿದಂತಿದೆ. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದೂ ಆಗದಿರಬಹುದು. ಅಣುವಿನ ಪಾರ್ಶ್ವಭಾಗ ಬೇರೆಯಾಗಿರುವ ಡೈ ಆರಿಸುವುದು ಲೇಸು. ಇದೆಲ್ಲ ಸಾಧ್ಯವಾಗುವುದು ಹಿಂದಿನ ಡೈ ಯಾವುದೆಂದು ಗೊತ್ತಿದ್ದರೆ ಮಾತ್ರ. ಹೆಸರು ತಿಳಿಯದಿದ್ದರೆ ಈ ಬಾರಿಯೂ ಅದೇ ಬಾಟಲಿ ಕೈಗೆ ಬರಬಹುದು.

3. ಮುಂಚಿತ ಔಷಧ

ಸ್ಟೀರಾಯ್ಡ್ ಮತ್ತು ಅಲರ್ಜಿ ನಿರೋಧಕ ಔಷಧಗಳನ್ನು ಮುಂಚೆಯೇ ಕೊಡುವ ಪದ್ಧತಿ 1980ರ ದಶಕದಿಂದ ಪ್ರಚಲಿತ. ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ ಪರೀಕ್ಷೆಗೆ 13 ಗಂಟೆ, 7 ಗಂಟೆ ಮತ್ತು 1 ಗಂಟೆ ಮೊದಲು 50 ಮಿಲಿಗ್ರಾಂ ಪ್ರೆಡ್ನಿಸೋನ್ ಗುಳಿಗೆ, ಒಂದು ಗಂಟೆ ಮೊದಲು ಒಂದು ಅಲರ್ಜಿ ನಿರೋಧಕ ಔಷಧ ನೀಡಲಾಗುತ್ತದೆ. ಭಾರತದಲ್ಲಿ ಪ್ರೆಡ್ನಿಸೋಲೋನ್ ಹಾಗೂ ಏವಿಲ್ ಬಳಕೆ ಸಾಮಾನ್ಯ. ಮತ್ತೊಂದು ಕ್ರಮದಲ್ಲಿ 12 ಗಂಟೆ ಮತ್ತು 2 ಗಂಟೆ ಮೊದಲು 32 ಮಿಲಿಗ್ರಾಂ ಮಿಥೈಲ್ ಪ್ರೆಡ್ನಿಸೋಲೋನ್ ಕೊಡುತ್ತಾರೆ. ಪ್ರಮಾಣ ನಿರ್ಧರಿಸಬೇಕಾದವರು ವೈದ್ಯರೇ. ಇದು ಸ್ವಯಂ ಚಿಕಿತ್ಸೆಗಲ್ಲ.

ಇಲ್ಲಿ ಗಡಿಯಾರವೇ ಮುಖ್ಯ. ಸ್ಟೀರಾಯ್ಡ್ ಕೆಲಸ ಆರಂಭಿಸಲು ಗಂಟೆಗಳು ಬೇಕು. ಪರೀಕ್ಷೆಗೆ ಅರ್ಧ ಗಂಟೆ ಮೊದಲು ಕೊಟ್ಟ ಒಂದು ಇಂಜೆಕ್ಷನ್ ಮನಸ್ಸಿಗೆ ಸಮಾಧಾನ ತರಬಹುದೇ ಹೊರತು ರಕ್ಷಣೆ ಕೊಟ್ಟೀತೆಂಬುದಕ್ಕೆ ಪುರಾವೆಯಿಲ್ಲ. ಬೆಳಿಗ್ಗೆ 9ಕ್ಕೆ ಆಂಜಿಯೋಗ್ರಾಂ ನಿಗದಿಯಾಗಿದ್ದರೆ ಮೊದಲ ಗುಳಿಗೆ ಹಿಂದಿನ ರಾತ್ರಿ 8ಕ್ಕೆ, ಎರಡನೆಯದು ನಸುಕಿನ 2ಕ್ಕೆ, ಮೂರನೆಯದು ಬೆಳಿಗ್ಗೆ 8ಕ್ಕೆ. ಉಗಾರದಿಂದ ಬೆಳಗಿನ ರೈಲು ಹಿಡಿದು ಆಸ್ಪತ್ರೆ ತಲುಪಿದ ಮೇಲೆ ಅಲರ್ಜಿಯ ವಿಷಯ ಬಾಯಿಬಿಟ್ಟರೆ ಈ ಲೆಕ್ಕ ತಪ್ಪುತ್ತದೆ. ಪರೀಕ್ಷೆಯ ದಿನಾಂಕ ನಿಗದಿಯಾಗುವಾಗಲೇ ತಿಳಿಸಿ ಚೀಟಿ ಬರೆಸಿಕೊಳ್ಳಬೇಕು, ಇಲ್ಲವೇ ಹಿಂದಿನ ದಿನವೇ ದಾಖಲಾಗಬೇಕು. ಉಪವಾಸವಿರಬೇಕೆಂದು ಹೇಳಿದ್ದರೂ ಗುಟುಕು ನೀರಿನೊಂದಿಗೆ ಗುಳಿಗೆ ನುಂಗಬಹುದೇ ಎಂದು ಕೇಳಿ ತಿಳಿದುಕೊಳ್ಳಬೇಕು.

ಮಧುಮೇಹಿಗಳಲ್ಲಿ ಸ್ಟೀರಾಯ್ಡ್‌ನಿಂದ ರಕ್ತದ ಸಕ್ಕರೆ ಒಂದೆರಡು ದಿನ ಏರುತ್ತದೆ. ಹೃದ್ರೋಗ ಮತ್ತು ಮಧುಮೇಹ ಒಟ್ಟಿಗೆ ಬರುವುದು ಸಾಮಾನ್ಯವಾದ್ದರಿಂದ ಸಕ್ಕರೆಯ ಪರೀಕ್ಷೆಯನ್ನು ಹೆಚ್ಚಿಸಬೇಕಾಗುತ್ತದೆ. ಸೋಂಕು ಇದ್ದವರಲ್ಲೂ ಎಚ್ಚರ ಅಗತ್ಯ.

ಈ ಪದ್ಧತಿಯ ಬಗ್ಗೆ ತಜ್ಞರ ನಿಲುವು ಬದಲಾಗುತ್ತ ಬಂದಿದೆ. ಯುರೋಪಿನ ಮಾರ್ಗಸೂಚಿ ಮುಂಚಿತ ಔಷಧವನ್ನು ವಾಡಿಕೆಯಾಗಿ ಶಿಫಾರಸು ಮಾಡುವುದಿಲ್ಲ. ಅಮೆರಿಕದ ವಿಕಿರಣ ತಜ್ಞರ ಹಾಗೂ ಅಲರ್ಜಿ ತಜ್ಞರ ಸಂಸ್ಥೆಗಳು 2025ರಲ್ಲಿ ಜಂಟಿಯಾಗಿ ಪ್ರಕಟಿಸಿದ ಹೇಳಿಕೆಯ ಸಾರವೂ ಇದಕ್ಕೆ ಹತ್ತಿರವಾಗಿದೆ: ಹಿಂದಿನ ಪ್ರತಿಕ್ರಿಯೆ ಸೌಮ್ಯವಾಗಿದ್ದರೆ ಸಾಧ್ಯವಿದ್ದಾಗ ಡೈ ಬದಲಾಯಿಸಿದರೆ ಸಾಕು, ಸ್ಟೀರಾಯ್ಡ್ ಬೇಕಿಲ್ಲ, ತೀವ್ರವಾಗಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಡೈ ಬದಲಾವಣೆ, ಮುಂಚಿತ ಔಷಧ ಎರಡೂ ಇರಲಿ, ತುರ್ತು ತಂಡವಿರುವ ಆಸ್ಪತ್ರೆಯಲ್ಲೇ ಪರೀಕ್ಷೆ ನಡೆಯಲಿ. ಮುಂಚಿತ ಔಷಧ ಪಡೆದ ಬಳಿಕವೂ ಕೆಲವರಲ್ಲಿ ಪ್ರತಿಕ್ರಿಯೆ ಮರುಕಳಿಸುವುದುಂಟು. ಗುಳಿಗೆ ನುಂಗಿದ್ದಾಗಿದೆ, ಇನ್ನು ಚಿಂತೆಯಿಲ್ಲ ಎಂಬ ಭಾವನೆ ರೋಗಿಗೂ ಬೇಡ, ಸಿಬ್ಬಂದಿಗೂ ಬೇಡ.

ಹೃದಯಾಘಾತವಾದಾಗ ಕಾಯುವುದೆಂತು?

ಮೇಲಿನ ಲೆಕ್ಕಾಚಾರವೆಲ್ಲ ನಿಗದಿತ ಪರೀಕ್ಷೆಗೆ ಸಂಬಂಧಿಸಿದ್ದು. ತೀವ್ರ ಹೃದಯಾಘಾತದಲ್ಲಿ 13 ಗಂಟೆ ಕಾಯಲಾಗದು; ರಕ್ತನಾಳ ಮುಚ್ಚಿರುವ ಪ್ರತಿ ನಿಮಿಷವೂ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಡೈ ಅಲರ್ಜಿಯ ಇತಿಹಾಸವಿದ್ದರೂ ಆಂಜಿಯೋಪ್ಲಾಸ್ಟಿ ತಡೆಹಿಡಿಯದೆ, ಬೇರೆ ಡೈ ಆರಿಸಿ, ರಕ್ತನಾಳದ ಮೂಲಕ ಸ್ಟೀರಾಯ್ಡ್ ಮತ್ತು ಅಲರ್ಜಿ ನಿರೋಧಕ ನೀಡಿ, ಅಡ್ರಿನಾಲಿನ್ ಸಿದ್ಧವಿಟ್ಟುಕೊಂಡು ಮುಂದುವರಿಯುವುದು ಅಂಗೀಕೃತ ಕ್ರಮ. ಕೆಲವು ಗಂಟೆಗಳ ಬಿಡುವಿರುವ ಪ್ರಕರಣಗಳಲ್ಲಿ ನಾಲ್ಕು ಗಂಟೆಗೊಮ್ಮೆ ರಕ್ತನಾಳಕ್ಕೆ ಸ್ಟೀರಾಯ್ಡ್ ಕೊಡುವ ತ್ವರಿತ ಪದ್ಧತಿಯೂ ಇದೆ.

ಕ್ಯಾಥ್‌ಲ್ಯಾಬ್ ದೂರವಿರುವ ಊರುಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಮೊದಲ ಆಸರೆ. ಕರ್ನಾಟಕದಲ್ಲಿ 2023ರಲ್ಲಿ ಘೋಷಣೆಯಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಇಸಿಜಿ ಪರಿಶೀಲಿಸಿ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಉದ್ದೇಶದ್ದು. ಈ ಇಂಜೆಕ್ಷನ್‌ಗೆ ಡೈ ಬೇಕಿಲ್ಲ. ಅನಂತರದ ಆಂಜಿಯೋಗ್ರಾಂಗೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ನಡುವಿನ ಅವಧಿ ಅಲರ್ಜಿಯ ಮಾಹಿತಿ ಮುಟ್ಟಿಸಲು, ಮುಂಚಿತ ಔಷಧ ಆರಂಭಿಸಲು ಸದವಕಾಶ. ಆಂಬುಲೆನ್ಸ್‌ನೊಂದಿಗೆ ಹೋಗುವ ಚೀಟಿಯಲ್ಲಿ ಒಂದು ಸಾಲು ಬರೆದರೆ ಆಯಿತು.

ಕ್ಯಾಥ್‌ಲ್ಯಾಬ್‌ನಲ್ಲಿ ಏನಿರಬೇಕು?

ಎಷ್ಟೇ ಎಚ್ಚರ ವಹಿಸಿದರೂ ಪ್ರತಿಕ್ರಿಯೆ ಸಂಭವಿಸಬಹುದೆಂದು ಭಾವಿಸಿಯೇ ಸಿದ್ಧರಾಗಿರಬೇಕು. ತೀವ್ರ ಅಲರ್ಜಿಗೆ ಮೊದಲ ಔಷಧ ಅಡ್ರಿನಾಲಿನ್. ವಯಸ್ಕರಿಗೆ ಸಾಮಾನ್ಯವಾಗಿ 0.3ರಿಂದ 0.5 ಮಿಲಿಗ್ರಾಂನಷ್ಟನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಲಾಗುತ್ತದೆ. ಅಗತ್ಯ ಬಿದ್ದರೆ ಕೆಲ ನಿಮಿಷಗಳ ಬಳಿಕ ಪುನಃ ಕೊಡುತ್ತಾರೆ. ನಾಡಿ, ರಕ್ತದೊತ್ತಡಗಳ ಮೇಲೆ ಸತತ ನಿಗಾ ಇರುವ ಕ್ಯಾಥ್‌ಲ್ಯಾಬ್‌ನಲ್ಲಿ ಅನುಭವಿ ವೈದ್ಯರು ತೆಳುಗೊಳಿಸಿದ ಅಡ್ರಿನಾಲಿನ್ನನ್ನು ರಕ್ತನಾಳದ ಮೂಲಕವೂ ಅಲ್ಪ ಪ್ರಮಾಣದಲ್ಲಿ ನೀಡಬಹುದು. ಆಮ್ಲಜನಕ, ಧಾರಾಳವಾಗಿ ಸಲೈನ್, ಉಬ್ಬಸಕ್ಕೆ ನೆಬ್ಯುಲೈಸರ್ ಜೊತೆಯಲ್ಲಿ ಬೇಕು. ಏವಿಲ್, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್‌ಗಳು ನಂತರದ ಸಹಾಯಕಗಳೇ ಹೊರತು ಅಡ್ರಿನಾಲಿನ್ನಿಗೆ ಬದಲಿಯಲ್ಲ. ಹೃದ್ರೋಗಿಗೆ ಅಡ್ರಿನಾಲಿನ್ ಕೊಟ್ಟರೆ ಹೃದಯಕ್ಕೆ ತೊಂದರೆಯಾದೀತೆಂಬ ಅಳುಕಿನಿಂದ ತಡಮಾಡಿದಷ್ಟೂ ಅಪಾಯ ಹೆಚ್ಚುತ್ತದೆ. ಬೀಟಾ ಬ್ಲಾಕರ್ ಸೇವಿಸುತ್ತಿದ್ದು ಅಡ್ರಿನಾಲಿನ್ನಿಗೆ ಸ್ಪಂದಿಸದವರಿಗೆ ಗ್ಲುಕಗಾನ್ ಇಂಜೆಕ್ಷನ್ ನೆರವಾಗುತ್ತದೆ.

ಪ್ರತಿಕ್ರಿಯೆಗೆ ಕಾರಣ ಡೈ ಒಂದೇ ಎಂದು ತೀರ್ಮಾನಿಸುವುದೂ ಸರಿಯಲ್ಲ. ಚರ್ಮ ಶುದ್ಧಗೊಳಿಸುವ ಕ್ಲೋರ್‌ಹೆಕ್ಸಿಡಿನ್, ರಬ್ಬರ್ ಕೈಚೀಲದ ಲೇಟೆಕ್ಸ್, ಆಂಟಿಬಯೋಟಿಕ್, ಹೆಪಾರಿನ್, ಪ್ರೋಟಮಿನ್ ಇವೂ ಕಾರಣವಾಗಬಲ್ಲವು. ಪ್ರತಿಕ್ರಿಯೆಯಾದ ಒಂದೆರಡು ಗಂಟೆಗಳಲ್ಲಿ ರಕ್ತದಲ್ಲಿ ಟ್ರಿಪ್ಟೇಸ್ ಪ್ರಮಾಣ ಅಳೆಯುವುದರಿಂದ ಅದು ನಿಜಕ್ಕೂ ಅಲರ್ಜಿಯೇ ಎಂದು ಖಚಿತಪಡಿಸಿಕೊಳ್ಳಲು ಸಹಾಯವಾಗುತ್ತದೆ.

ಮೂತ್ರಪಿಂಡಕ್ಕೆ ಡೈನಿಂದ ಆಗಬಹುದಾದ ಹಾನಿ ಅಲರ್ಜಿಯಲ್ಲ. ಅದು ಬೇರೆಯೇ ವಿಷಯ. ಕ್ರಿಯಾಟಿನಿನ್ ಪರೀಕ್ಷೆ, ಸಾಕಷ್ಟು ದ್ರವ, ಡೈ ಪ್ರಮಾಣದಲ್ಲಿ ಮಿತಿ ಅದಕ್ಕಿರುವ ಉಪಾಯಗಳು. ಮಧುಮೇಹದ ಮೆಟ್‌ಫಾರ್ಮಿನ್ ಗುಳಿಗೆ ನಿಲ್ಲಿಸಬೇಕೇ ಎಂಬುದನ್ನೂ ವೈದ್ಯರಲ್ಲಿ ಕೇಳಬೇಕು.

ಮನೆಗೆ ಮರಳಿದ ಮೇಲೆ ಏಳುವ ಗಂಧೆ

ಡೈ ಪಡೆದ ಒಂದು ಗಂಟೆಯಿಂದ ಒಂದು ವಾರದವರೆಗೆ ಚರ್ಮದ ಮೇಲೆ ಕೆಂಪು ಗುಳ್ಳೆ, ತುರಿಕೆ ಕಾಣಿಸಿಕೊಳ್ಳುವುದುಂಟು. ಇದು ತಡವಾದ ಪ್ರತಿಕ್ರಿಯೆ. ಸಾಮಾನ್ಯವಾಗಿ ಸೌಮ್ಯವಾಗಿದ್ದು ಕೆಲ ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಇದೇ ದೊಡ್ಡ ಅನಾಹುತಕ್ಕೆ ದಾರಿಯಾಗಬಲ್ಲದು. ಸ್ಟೆಂಟ್ ಹಾಕಿದ ಬಳಿಕ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಅಂಥದೇ ಇನ್ನೊಂದು ಗುಳಿಗೆ ಕೊಟ್ಟಿರುತ್ತಾರೆ. ಮೈಮೇಲೆ ಗಂಧೆ ಎದ್ದೊಡನೆ ‘ಹೊಸ ಗುಳಿಗೆ ಆಗಿಬರಲಿಲ್ಲ’ ಎಂದು ರೋಗಿಯೋ ಊರಿನ ಔಷಧ ಅಂಗಡಿಯವರೋ ಅದನ್ನು ನಿಲ್ಲಿಸಿಬಿಟ್ಟರೆ ಸ್ಟೆಂಟ್ ಹಠಾತ್ತನೆ ಮುಚ್ಚಿಕೊಂಡು ಹೃದಯಾಘಾತವಾಗುವ ಸಂಭವವಿದೆ. ಮೊದಲ ತಿಂಗಳಲ್ಲಂತೂ ಈ ಅಪಾಯ ಅತಿ ಹೆಚ್ಚು.

ಗಂಧೆಗೆ ಕಾರಣ ಕ್ಲೊಪಿಡೊಗ್ರೆಲ್ ಆಗಿರಲೂಬಹುದು. ಹಾಗಿದ್ದರೆ ಬದಲಿ ಗುಳಿಗೆಗಳಿವೆ. ನಿರ್ಧರಿಸಬೇಕಾದವರು ಸ್ಟೆಂಟ್ ಹಾಕಿದ ಹೃದ್ರೋಗ ತಜ್ಞರು. ಅವರನ್ನು ಅದೇ ದಿನ ದೂರವಾಣಿಯಲ್ಲಾದರೂ ಸಂಪರ್ಕಿಸಬೇಕು. ಬಾಯಿ, ಕಣ್ಣುಗಳಲ್ಲಿ ಹುಣ್ಣು, ಚರ್ಮ ಸುಲಿಯುವುದು, ಜ್ವರ ಜೊತೆಗಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಚೀಟಿಯಲ್ಲಿ ಏನಿರಬೇಕು?

ಒಮ್ಮೆ ಪ್ರತಿಕ್ರಿಯೆಯಾದ ರೋಗಿ ಆಸ್ಪತ್ರೆಯಿಂದ ಹೊರಡುವ ಮೊದಲು ಬಿಡುಗಡೆ ಪತ್ರದಲ್ಲಿ ಈ ಕೆಳಗಿನ ವಿವರಗಳನ್ನು ಬರೆಸಿಕೊಳ್ಳುವುದು ಅವಶ್ಯ:

• ಕೊಟ್ಟ ಡೈನ ಪೂರ್ಣ ಹೆಸರು, ಪ್ರಮಾಣ ಮತ್ತು ದಿನಾಂಕ.

• ಕಂಡ ಲಕ್ಷಣಗಳು; ಎಷ್ಟು ನಿಮಿಷ ಅಥವಾ ಗಂಟೆಗಳ ನಂತರ ಕಂಡವು ಎಂಬುದು.

• ಕೊಟ್ಟ ಚಿಕಿತ್ಸೆ. ವಿಶೇಷವಾಗಿ ಅಡ್ರಿನಾಲಿನ್ ಬೇಕಾಯಿತೇ ಎಂಬುದು.

• ಮುಂಚಿತ ಔಷಧ ಪಡೆದಿದ್ದರೆ ಅದರ ವಿವರ.

• ಆ ವೇಳೆ ಬಳಸಿದ ಇತರ ಔಷಧಗಳು.

• ಮುಂದೆ ಯಾವ ಡೈ ತೊಂದರೆಯಿಲ್ಲದೆ ಒಗ್ಗಿತು ಎಂಬುದು. ತೊಂದರೆ ಕೊಟ್ಟದ್ದಷ್ಟೇ ಅಲ್ಲ, ಒಗ್ಗಿದ ಡೈನ ಹೆಸರೂ ಅಮೂಲ್ಯ.

ಈ ಪತ್ರದ ನಕಲನ್ನು ಮನೆಯಲ್ಲಿ ಒಂದು, ಜೇಬಿನಲ್ಲಿ ಒಂದು ಇಟ್ಟುಕೊಳ್ಳಬೇಕು. ಮಕ್ಕಳ ಮೊಬೈಲ್‌ನಲ್ಲಿ ಅದರ ಚಿತ್ರವಿರಲಿ. ಪ್ರಜ್ಞೆ ಇಲ್ಲದ ರೋಗಿಯ ಪರವಾಗಿ ಮಾತನಾಡಬೇಕಾದವರು ಅವರೇ. ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಖಾತೆಯ 14 ಅಂಕಿಗಳ ಸಂಖ್ಯೆ ಹೊಂದಿದವರು ತಮ್ಮ ದಾಖಲೆಗಳನ್ನು ಅದಕ್ಕೆ ಜೋಡಿಸಿಕೊಳ್ಳಬಹುದು. ಆದರೂ ಎರಡು ರಾಜ್ಯಗಳ ನಡುವೆ, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳ ನಡುವೆ ಓಡಾಡುವ ರೋಗಿಗೆ ಕೈಯಲ್ಲಿರುವ ಕಾಗದವೇ ಹೆಚ್ಚು ಭರವಸೆಯದು. ಡೈನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆಸಿಕೊಂಡರೆ ಮೀರಜ್‌ನಲ್ಲಾಗಲಿ ಬೆಳಗಾವಿಯಲ್ಲಾಗಲಿ ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಾಗಲಿ ಓದಲು ತೊಡಕಾಗದು.

ಡೈ ಅಲರ್ಜಿಯ ಭಯದಿಂದ ಆಂಜಿಯೋಗ್ರಾಂ ಮುಂದೂಡುವುದು ಜಾಣತನವಲ್ಲ. ಮುಚ್ಚಿದ ರಕ್ತನಾಳದ ಅಪಾಯ ಡೈನ ಅಪಾಯಕ್ಕಿಂತ ಬಹುಪಾಲು ಸಂದರ್ಭಗಳಲ್ಲಿ ದೊಡ್ಡದು. ಅಲರ್ಜಿಯ ವಿಷಯ ಮುಚ್ಚಿಟ್ಟು ಮೇಜಿನ ಮೇಲೆ ಮಲಗುವುದೂ ಜಾಣತನವಲ್ಲ. ಹಿಂದಿನ ಪ್ರತಿಕ್ರಿಯೆಯನ್ನು ದಿನಾಂಕ ನಿಗದಿಯಾಗುವಾಗಲೇ ತಿಳಿಸುವುದು, ಡೈನ ಹೆಸರು ತೋರಿಸುವುದು, ಮೇಜಿನ ಮೇಲೆ ತುರಿಕೆ ಎನಿಸಿದರೆ ತಕ್ಷಣ ಹೇಳುವುದು, ಮನೆಗೆ ಬಂದ ಮೇಲೆ ಕೇಳದೆ ಗುಳಿಗೆ ನಿಲ್ಲಿಸದಿರುವುದು: ರೋಗಿಯ ಪಾಲಿನ ಮುನ್ನೆಚ್ಚರಿಕೆ ಈ ನಾಲ್ಕರಲ್ಲಿ ಅಡಗಿದೆ.